ನಿಲುವಂಗಿಯ ಅಂಚಿನ ಕೆಂಪು ದಾರ

ಬಾಡಿಗೆಗೆ ಹೋಗಿ ವಾಪಸ್ ಬಂದ ಬಟ್ಟೆಯನ್ನು ನನ್ನ ಸೋದರತ್ತೆ ಮೊದಲು ಮೂಸಿ ನೋಡುತ್ತಾಳೆ. ಆಮೇಲೆ ಕಾಲರ್ ತಿರುವುತ್ತಾಳೆ, ಕಂಕುಳ ಹತ್ತಿರದ ಹೊಲಿಗೆ ಎಳೆದು ನೋಡುತ್ತಾಳೆ, ಜೇಬುಗಳಿಗೆ ಕೈ ಹಾಕುತ್ತಾಳೆ. ಕೊನೆಗೆ ತಂದವರ ಮುಖ ನೋಡುತ್ತಾಳೆ. ಆ ನೋಟಕ್ಕೆ, ರಾಜನ ಪೋಷಾಕನ್ನು ಚೂರೂ ಕೊಳೆ ಮಾಡದೆ ತಂದವರು ಕೂಡ ತಡವರಿಸುತ್ತಾರೆ. ಶಾಲೆಯ ನಾಟಕಕ್ಕೆ ಕರಡಿಯ ವೇಷ ಒಯ್ದಿದ್ದ ಒಬ್ಬ ಮೇಷ್ಟ್ರು ಅದನ್ನು ವಾಪಸ್ ಕೊಡುವಾಗ, ಯಾರೂ ಏನೂ ಕೇಳದಿದ್ದರೂ, "ನಾನಲ್ಲ ಮೇಡಂ, ಹಾಕ್ಕೊಂಡಿದ್ದು ಹೆಡ್‌ಮಾಸ್ಟ್ರು" ಎಂದು ಒಪ್ಪಿಸಿಬಿಟ್ಟಿದ್ದರು.

ಬೀದಿಯವರು ಅವಳಿಗೆ ಪತ್ತೇದಾರಮ್ಮ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೂ ಗೊತ್ತು. ಆ ಹೆಸರು ಮೊದಲು ಇಟ್ಟವರು ಯಾರು ಎಂದು ಹತ್ತು ವರ್ಷದಿಂದ ಪತ್ತೆ ಮಾಡುತ್ತಲೇ ಇದ್ದಾಳೆ.

ಅಂಗಡಿ ಎಂದರೆ ಎರಡು ಕೋಣೆ. ಮುಂದಿನದರಲ್ಲಿ ಕಬ್ಬಿಣದ ಕಂಬಿಗಳಿಗೆ ರಾಜರು, ಪೊಲೀಸರು, ಡಾಕ್ಟರುಗಳು, ದೆವ್ವಗಳು ಒಬ್ಬರಿಗೊಬ್ಬರು ಒತ್ತಿಕೊಂಡು ತೂಗುತ್ತಿರುತ್ತಾರೆ. ಹಿಂದಿನದರಲ್ಲಿ ಹೊಲಿಗೆ ಯಂತ್ರ, ಇಸ್ತ್ರಿಯ ಮೇಜು, ಮೂಲೆಯಲ್ಲಿ ಬೀಗ ಹಾಕಿದ ಒಂದು ತಗಡಿನ ಪೆಟ್ಟಿಗೆ. ನಾನು ಇದೇ ಕಟ್ಟಡದ ಮೇಲಿನ ಮನೆಯಲ್ಲಿದ್ದೇನೆ. ಎರಡು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ. ಸಂಜೆ ಇಳಿದು ಬಂದು ಅತ್ತೆಯ ಜೊತೆ ಅರ್ಧ ಗಂಟೆ ಕೂರುತ್ತೇನೆ. ಕೂತಷ್ಟು ಹೊತ್ತೂ ನನ್ನ ಕೈ ಅವಳ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡಿರುತ್ತೇನೆ. ಅಭ್ಯಾಸವಾಗಿಬಿಟ್ಟಿದೆ.

ಹಿಂದಿನ ಕೋಣೆಯ ಒಡತಿ ಟೈಲರಕ್ಕ. ಮೂವತ್ತೊಂದು ವರ್ಷದಿಂದ ಅಲ್ಲಿದ್ದಾರೆ. ಕಂಬಿಗೆ ತೂಗುವ ಮುಕ್ಕಾಲು ಪಾಲು ಬಟ್ಟೆ ಅವರ ಕೈಯದು. ಮಾತು ಕಡಿಮೆ. ಅತ್ತೆ ಇಡೀ ದಿನ ಯಾರನ್ನಾದರೂ ಶಂಕಿಸುತ್ತಾ ಗೊಣಗುತ್ತಿದ್ದರೆ ಅವರು ಪೆಡಲ್ ತುಳಿಯುತ್ತಾ "ಹೂಂ ಅಕ್ಕ" ಎನ್ನುತ್ತಿರುತ್ತಾರೆ. ಅತ್ತೆಗೆ ಜಗತ್ತಿನಲ್ಲಿ ಇದ್ದ ಒಬ್ಬಳೇ ಗೆಳತಿ ಅವರು. ಅತ್ತೆ ಬಾಯಿಬಿಟ್ಟು ಹಾಗೆ ಹೇಳಿದವಳಲ್ಲ.

ಅಂಗಡಿಯ ಪ್ರತಿ ಬಟ್ಟೆಗೂ ಒಂದು ಗುರುತಿದೆ. ಕೆಳಗಿನ ಅಂಚಿನ ಒಳಮಗ್ಗುಲಲ್ಲಿ ಕೆಂಪು ದಾರದಿಂದ ಅಡ್ಡ ಎರಡು, ಉದ್ದ ಒಂದು ಹೊಲಿಗೆ. ಇದು ಅತ್ತೆಯ ಉಪಾಯ. ಯಾರಾದರೂ ಬಟ್ಟೆ ಬದಲಾಯಿಸಿ ತಂದುಕೊಟ್ಟರೆ ಅಂಚು ಮಗುಚಿದ ಕೂಡಲೇ ಸಿಕ್ಕಿಬೀಳುತ್ತಾರೆ. ಹೊಲಿಯುವವರು ಟೈಲರಕ್ಕ, ಎಣಿಸುವವಳು ಅತ್ತೆ.

ಗುರುತಾಗಲಿ ಬಾಡಿಗೆಯಾಗಲಿ ಇಲ್ಲದ್ದು ಒಂದೇ ಒಂದು. ಅದು ಪೆಟ್ಟಿಗೆಯೊಳಗಿತ್ತು. ಮಾವನ ಕಪ್ಪು ನಿಲುವಂಗಿ.

ಮಾವ ನಾಟಕದ ಕಂಪನಿಯಲ್ಲಿ ಖಳನ ಪಾತ್ರ ಮಾಡುತ್ತಿದ್ದರು. ಮನೆಯಲ್ಲಿ ಹಲ್ಲಿ ಕಂಡರೆ ಕುರ್ಚಿ ಹತ್ತುವ ಮನುಷ್ಯ. ಆ ನಿಲುವಂಗಿ ಹಾಕಿ ರಂಗದ ಮೇಲೆ ಬಂದರೆ ಮುಂದಿನ ಸಾಲಿನವರು ಕಾಲು ಮೇಲೆಳೆದುಕೊಳ್ಳುತ್ತಿದ್ದರಂತೆ. ಕಿವಿಯವರೆಗೆ ಏರುವ ಕಾಲರ್, ಕಡುಗೆಂಪು ಒಳಬಟ್ಟೆ. ಮಾವನ ಎಡಭುಜ ಬಲಕ್ಕಿಂತ ತಗ್ಗು. ಅದು ಕಾಣದಿರಲೆಂದು ಟೈಲರಕ್ಕ ಆ ಕಡೆಗೆ ಹತ್ತಿ ತುಂಬಿ ಎತ್ತರಿಸಿದ್ದರು, ಸ್ವಲ್ಪ ಹೆಚ್ಚೇ ಎತ್ತರಿಸಿದ್ದರು. ಮಾವ ತೀರಿಕೊಂಡು ಇಪ್ಪತ್ತಾರು ವರ್ಷವಾಯಿತು. ಆ ವಾರವೇ ಅತ್ತೆ ನಿಲುವಂಗಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. ಕೀಲಿಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡಳು. ಪೆಟ್ಟಿಗೆಯನ್ನು ಮತ್ತೆ ತೆಗೆಯಲೇ ಇಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ ಮಾವ ಆ ನಿಲುವಂಗಿಯನ್ನು ಎರಡೂ ಕೈಯಲ್ಲಿ ಹರಡಿಕೊಂಡು ಬಂದವರನ್ನೆಲ್ಲ ಗದರಿಸುತ್ತಾ ನಿಂತಿದ್ದಾರೆ.

ಹೋದ ವರ್ಷ ಒಂದು ಮಧ್ಯಾಹ್ನ ನಾಲ್ಕು ಜನ ಬಂದರು. ನನಗೆ ರಜೆಯಿತ್ತು, ಅಲ್ಲೇ ಇದ್ದೆ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು, ಎಲ್ಲ ಇಪ್ಪತ್ತೈದರ ಆಸುಪಾಸು. ಚಪ್ಪಲಿ ಹೊರಗೆ ಬಿಟ್ಟು, ನಗುನಗುತ್ತಾ, ಒಬ್ಬರ ಹಿಂದೊಬ್ಬರು ಒಳಗೆ ಬಂದರು. ಅಷ್ಟು ವಿನಯ ಕಂಡ ಕೂಡಲೇ ಅತ್ತೆಯ ಹುಬ್ಬು ಮೇಲೇರಿತು.

"ಆಂಟಿ, ಕಪ್ಪು ಬಟ್ಟೆ ಏನೇನಿದೆ?" ಮುಂದೆ ಇದ್ದ ತೆಳ್ಳನೆಯ ಹುಡುಗಿ ಕೇಳಿದಳು.

"ಯಾವ ಸೀಮೆ ಆಂಟಿ ನಾನು ನಿನಗೆ? ಕಪ್ಪು ಯಾಕೆ? ಯಾರು ಹೋದ್ರು?"

"ಯಾರೂ ಹೋಗಿಲ್ಲ ಮೇಡಂ. ನಮ್ದೊಂದು ಬ್ಯಾಂಡು. ಗಾಥಿಕ್ ರಾಕ್. ಮೊದಲ್ನೇ ಆಲ್ಬಮ್ ಬರ್ತಾ ಇದೆ, ಅದರ ಮುಖಚಿತ್ರಕ್ಕೆ."

"ಗಾಥಿಕ್ಕೋ ಗೀಥಿಕ್ಕೋ, ಬಿಡಿಸಿ ಹೇಳು. ಏನು ಮಾಡ್ತೀರಿ ಅದ್ರಲ್ಲಿ?"

ಆ ಹುಡುಗಿಯೇ ಹಾಡುವವಳು. ಮುಖಕ್ಕೆ ಬಿಳಿ ಬಣ್ಣ, ತುಟಿಗೆ ಕಪ್ಪು, ಕಣ್ಣ ಸುತ್ತ ಮಸಿ ಬಳಿದುಕೊಂಡು, ಹೊಗೆಯ ನಡುವೆ ನಿಂತು, ನಿಧಾನಕ್ಕೆ, ತಗ್ಗಿದ ದನಿಯಲ್ಲಿ ಸಾವು, ಖಾಲಿ ಮನೆ, ಬಿಟ್ಟುಹೋದವರು ಇಂಥವನ್ನೆಲ್ಲ ಹಾಡುತ್ತಾರೆ ಎಂದು ಬಿಡಿಸಿ ಹೇಳಿದಳು. ಬ್ಯಾಂಡಿನ ಹೆಸರು 'ಇದ್ದಿಲು'. ಆಲ್ಬಮ್ಮಿನ ಹೆಸರು 'ಖಾಲಿ ಕುರ್ಚಿಗಳಿಗೆ'. ಹಳೆಯ ಕಾಲದ ಗ್ರಾಮಫೋನಿನ ಹಾಗೆ ದೊಡ್ಡ ತಟ್ಟೆಯಾಗಿಯೇ ತರುತ್ತಾರಂತೆ.

"ಹೊಟ್ಟೆಪಾಡಿಗೆ?" ಅತ್ತೆ ಕೇಳಿದಳು.

ಹುಡುಗಿ ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಡ್ರಮ್ ಬಾರಿಸುವವನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅತ್ತೆ ಮಾರನೆಯ ದಿನವೇ ಇಲ್ಲದ ತಲೆನೋವಿಗೆ ಮಾತ್ರೆ ಕೇಳುವ ನೆಪದಲ್ಲಿ ಆ ಅಂಗಡಿಗೆ ಹೋಗಿ, ಅವನು ನಿಜವಾಗಿಯೂ ಅಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಬಂದಳು. ಆಮೇಲೂ ನಂಬಲಿಲ್ಲ. ಚೆನ್ನಾಗಿ ಬದುಕಿರುವ ಮಕ್ಕಳು ಸತ್ತವರ ಹಾಗೆ ಕಾಣಬೇಕೆಂದು ಯಾಕೆ ಇಷ್ಟು ಒದ್ದಾಡುತ್ತಾರೆ, ಇದರ ಹಿಂದೆ ಏನೋ ಇದೆ ಎಂಬುದು ಅವಳ ವಾದ.

ಅವತ್ತು ಅದನ್ನೇ ಕೇಳಿಯೂ ಬಿಟ್ಟಳು. "ಹೆಣದ ವೇಷ ಹಾಕಿ ಯಾರನ್ನ ಹೆದರಿಸಬೇಕು ನೀವು?"

"ಹೆದರಿಸೋಕಲ್ಲ ಮೇಡಂ. ಹೆದರಿಕೆ ಇರೋದು ನಮಗೇ. ಬರೀ ಮುಖದಲ್ಲಿ ನಿಂತ್ರೆ ನನ್ನ ದನಿ ನಡುಗುತ್ತೆ. ಬಣ್ಣ ಹಚ್ಚಿದ್ರೆ ನಡುಗಲ್ಲ."

ಮಾವನೂ ಇದೇ ಮಾತು ಹೇಳುತ್ತಿದ್ದರು. ಆ ಹೊತ್ತಿಗೆ ಹುಡುಗಿ ತಲೆಯೆತ್ತಿ ಗೋಡೆ ನೋಡಿದಳು.

"ಇವರು ಯಾರು?"

"ನಮ್ಮನೆಯವರು."

"ಅಬ್ಬಾ! ಈ ನಿಲುವಂಗಿ ಇದೆಯಾ ಮೇಡಂ?"

"ಇದೆ. ಕೊಡಲ್ಲ."

"ಒಂದೇ ದಿನ..."

"ಒಂದು ನಿಮಿಷಕ್ಕೂ ಇಲ್ಲ. ಬೇರೆ ಏನಾದ್ರೂ ಬೇಕಾ, ಹೊರಡ್ತೀರಾ?"

ಹಿಂದಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತದ್ದು ನನಗೆ ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು. ಅವರು ನಾಲ್ಕು ಜೊತೆ ಕಪ್ಪು ಕೈಗವಸು ತೆಗೆದುಕೊಂಡು ಹೋದರು, ಹೇಳಿದ ದಿನವೇ ತಂದುಕೊಟ್ಟರು. ಅತ್ತೆ ಎಂಟೂ ಕೈಗವಸಿನ ನಲವತ್ತು ಬೆರಳು ಎಣಿಸಿ ಒಳಗಿಟ್ಟಳು.

ಐದು ತಿಂಗಳ ಮೇಲೆ ಅದೇ ಹುಡುಗಿ ಒಬ್ಬಳೇ ಬಂದು, ಕೌಂಟರಿನ ಮೇಲೆ ಒಂದು ಚೌಕದ ಪೊಟ್ಟಣ ಇಟ್ಟು, "ನಿಮಗೇ ಮೊದಲ ಪ್ರತಿ. ನೋಡಿ, ಖುಷಿಯಾಗುತ್ತೆ" ಎಂದು ತುಟಿ ಕಚ್ಚಿ ನಕ್ಕಳಂತೆ. ಊರೂರು ತಿರುಗಿ ಹಾಡುವುದಿದೆ, ಬಸ್ಸು ಕಾಯುತ್ತಿದೆ ಎಂದು ಓಡಿಯೂ ಹೋದಳಂತೆ. ಅತ್ತೆಗೆ ಆ ನಗು ಸರಿಬರಲಿಲ್ಲ. ನಾನು ಸಂಜೆ ಇಳಿದು ಬರುವ ಹೊತ್ತಿಗೆ ಅವಳು ಪೊಟ್ಟಣ ಬಿಚ್ಚಿ, ನಾನೇ ತಂದುಕೊಟ್ಟಿದ್ದ ಭೂತಗನ್ನಡಿ ಹಿಡಿದು, ಮೈಯೆಲ್ಲ ಕಣ್ಣಾಗಿ ಕೂತಿದ್ದಳು.

ಮುಖಚಿತ್ರದಲ್ಲಿ ಒಂದು ಹಳೆಯ ರಂಗಮಂದಿರ. ಸಾಲು ಸಾಲು ಖಾಲಿ ಕುರ್ಚಿ. ರಂಗದ ಅಂಚಿನಲ್ಲಿ ಸುಣ್ಣದಂಥ ಮುಖ, ಕಪ್ಪು ತುಟಿಯ ಹುಡುಗಿ. ಅವಳ ಮೈಮೇಲೆ ಕಿವಿಯವರೆಗಿನ ಕಾಲರಿನ, ಕಡುಗೆಂಪು ಒಳಬಟ್ಟೆಯ ಕಪ್ಪು ನಿಲುವಂಗಿ. ಎಡಭುಜ ಎತ್ತರವಾಗಿತ್ತು.

"ನೋಡು," ಅತ್ತೆ ಗಾಜನ್ನು ನನ್ನ ಕೈಗೆ ಕೊಟ್ಟಳು. "ಅಂಚು ಮಗುಚಿದೆಯಲ್ಲ, ಅಲ್ಲಿ."

ಗಾಳಿಗೆ ಮಗುಚಿದ ಅಂಚಿನಲ್ಲಿ, ಗಾಜಿನಡಿ, ಕೆಂಪು ದಾರ. ಅಡ್ಡ ಎರಡು, ಉದ್ದ ಒಂದು.

ಅತ್ತೆಗೆ ಆಸ್ಪತ್ರೆಯ ಐದು ದಿನ ನೆನಪಾಗಿತ್ತು. ಪಿತ್ತಕೋಶದ ಕಲ್ಲು ತೆಗೆಸಲು ಮಲಗಿದ್ದಾಗ ಕೊರಳಿನ ಕೀಲಿಗಳನ್ನೆಲ್ಲ ಬಿಚ್ಚಿ ಟೈಲರಕ್ಕನ ಕೈಗೆ ಕೊಟ್ಟಿದ್ದಳು. ನಾಲ್ವರು ಬಂದುಹೋದ ಮುಂದಿನ ತಿಂಗಳೇ ಅದು. ಲೆಕ್ಕ ಹಾಕಲು ಅವಳಿಗೆ ಇನ್ನೇನೂ ಬೇಕಿರಲಿಲ್ಲ.

"ಬಾರೇ ಇಲ್ಲಿ," ಎಂದು ಕೂಗಿದಳು.

ಟೈಲರಕ್ಕ ಬಂದರು. ಚಿತ್ರವನ್ನು ಕೈಗೆತ್ತಿಕೊಂಡು, ಮೂಗಿನ ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದರು. ಮುಖ ಅರಳಿತು. "ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ?"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಚೆನ್ನಾಗಿ ಬಂದಿದೆಯಾ? ನಾನು ಆಸ್ಪತ್ರೇಲಿ ಬಿದ್ದಿದ್ದಾಗ ಪೆಟ್ಟಿಗೆ ತೆಗೆದು ಕೊಟ್ಟಿದ್ದೀಯಲ್ಲ, ಅದಾ ಚೆನ್ನಾಗಿರೋದು?"

ಟೈಲರಕ್ಕನ ನಗು ಅಲ್ಲೇ ನಿಂತಿತು. "ಪೆಟ್ಟಿಗೆ ತೆಗೆದು ನೋಡಿದ್ರಾ?"

"ನೋಡೋದೇನು? ಕಣ್ಣೆದುರಿಗೇ ಇದೆಯಲ್ಲ."

"ಮೂವತ್ತೊಂದು ವರ್ಷ ಆಯ್ತು ಅಕ್ಕ."

"ಅದಕ್ಕೇ ನನಗೆ ಗೊತ್ತಾಗಲಿಲ್ಲ. ಎಲ್ಲಿ, ಚೀಲ ತೆಗಿ. ಇನ್ನೇನೇನು ಹೋಗಿದೆಯೋ ನೋಡೋಣ."

ಟೈಲರಕ್ಕ ಒಳಗೆ ಹೋಗಿ ಬಟ್ಟೆಯ ಚೀಲ ತಂದು ಕೌಂಟರಿನ ಮೇಲೆ ಸುರಿದರು. ಊಟದ ಡಬ್ಬಿ, ಕರ್ಚೀಫು, ಅರ್ಧ ಪೊಟ್ಟಣ ಬಿಸ್ಕತ್ತು, ಮನೆ ಕೀಲಿ, ಕನ್ನಡಕದ ಪೆಟ್ಟಿಗೆ, ಕಣ್ಣಿನ ಆಸ್ಪತ್ರೆಯ ಒಂದು ಚೀಟಿ. ಅಷ್ಟೇ. ಎಲ್ಲವನ್ನೂ ತಾವೇ ವಾಪಸ್ ತುಂಬಿಕೊಂಡರು. ಸೂಜಿ ಚುಚ್ಚದಿರಲು ಬೆರಳಿಗೆ ಹಾಕಿದ್ದ ಅಂಗುಸ್ತಾನ ಕಳಚಿ ಕೌಂಟರಿನ ಮೇಲಿಟ್ಟು, "ಇದು ಅಂಗಡೀದು" ಎಂದರು. ಹೋದರು.

ನಾನು ಅಲ್ಲೇ ಇದ್ದೆ. ಟೈಲರಕ್ಕ ಕದಿಯುವವರಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಗಾಜಿನಡಿ ಕೆಂಪು ದಾರವನ್ನು ನನ್ನ ಕಣ್ಣಾರೆ ಕಂಡಿದ್ದೆ, ಅರೆಗಳಿಗೆ ನಾನೂ ನಂಬಿಬಿಟ್ಟಿದ್ದೆ. ಇವತ್ತಿಗೂ ಅದಕ್ಕೆ ನನಗೆ ನಾಚಿಕೆಯಿದೆ.

"ಒಮ್ಮೆ ಪೆಟ್ಟಿಗೆ ತೆಗೀಬಾರ್ದಾ ಅತ್ತೆ?" ಎಂದು ಆಮೇಲೆ ಕೇಳಿದೆ.

"ಖಾಲಿ ಪೆಟ್ಟಿಗೆ ನೋಡಿ ಏನು ಮಾಡ್ಲಿ?" ಎಂದಳು. ಅವಳಿಗೆ ಭಯವಿತ್ತು. ನಿಲುವಂಗಿ ಇಲ್ಲದ ಪೆಟ್ಟಿಗೆ ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ಪೆಟ್ಟಿಗೆಯದೊಂದು ಬಿಟ್ಟು ಅಂಗಡಿಯ ಬೀಗಗಳೆಲ್ಲ ಬದಲಾದವು. ಹೊಸ ಟೈಲರುಗಳು ಇಬ್ಬರು ಬಂದರು. ಒಬ್ಬನನ್ನು ಜಾಸ್ತಿ ನಗುತ್ತಾನೆಂದು ಕಳಿಸಿದಳು, ಇನ್ನೊಬ್ಬಳನ್ನು ನಗುವುದೇ ಇಲ್ಲವೆಂದು. ಹಿಂದಿನ ಕೋಣೆಯಲ್ಲಿ ಹರಿದ ಬಟ್ಟೆಗಳ ರಾಶಿ ಬೆಳೆಯಿತು. ಅತ್ತೆ ಗೊಣಗುತ್ತಾ ಗೊಣಗುತ್ತಾ ನಡುವೆ ನಿಲ್ಲಿಸಿ ಹಿಂದಿನ ಕೋಣೆಯತ್ತ ಕಿವಿಗೊಡುತ್ತಿದ್ದಳು. "ಹೂಂ ಅಕ್ಕ" ಎನ್ನುವವರು ಇರಲಿಲ್ಲ.

ಒಂದು ಭಾನುವಾರ ನಾನು ಆ ತಟ್ಟೆಯನ್ನು ಮೇಲೆ ನನ್ನ ಮನೆಯ ಹಳೆಯ ಪ್ಲೇಯರಿಗೆ ಹಾಕಿದೆ. ಅತ್ತೆ, ಕಳ್ಳರ ದನಿ ಹೇಗಿರುತ್ತದೋ ಕೇಳಬೇಕು ಎಂದು ಎದುರಿಗೆ ಕೂತಳು. ಮೊದಲ ಹಾಡಿಗೆ ಡ್ರಮ್ ಇರಲಿಲ್ಲ. ಟಕಟಕ ಟಕಟಕ ಎಂದು ಏನೋ ಓಡುತ್ತಿತ್ತು, ನಾಲ್ಕು ಸುತ್ತಿಗೊಮ್ಮೆ ಕುಂಟಿದಂತೆ ಕಡಕ್ ಎನ್ನುತ್ತಿತ್ತು. ಅದರ ಮೇಲೆ ಗಿಟಾರು ದೂರದಿಂದ ಬಂದ ಹಾಗೆ ಸೇರಿತು, ಆಮೇಲೆ ಆ ಹುಡುಗಿಯ ತಗ್ಗಿದ ದನಿ. ಚೆನ್ನಾಗಿತ್ತು, ಸುಳ್ಳು ಹೇಳಲಾರೆ.

ಅತ್ತೆ ನೆಟ್ಟಗೆ ಕೂತಳು. "ಇದು ಅವಳ ಯಂತ್ರ!"

ಹೌದು. ಅಂಗಡಿಗೆ ಹೊಸ ಯಂತ್ರ ಬಂದಾಗ ಚಕ್ರ ಮುಕ್ಕಾಗಿದ್ದ ಹಳೆಯದನ್ನು ಅತ್ತೆಯೇ ಟೈಲರಕ್ಕನಿಗೆ ಕೊಟ್ಟಿದ್ದಳು. ಆ ಕುಂಟು ಸದ್ದು ನಮ್ಮ ಕಿವಿಗೆ ಎಷ್ಟೋ ವರ್ಷದ ಪರಿಚಯ.

"ನೋಡಿದ್ಯಾ? ಎಲ್ಲ ಒಟ್ಟಿಗೆ ಸೇರಿ ಮಾಡಿದ್ದು. ಅವಳ ಮನೇಲೇ ಬಿಡಾರ."

"ಅತ್ತೆ, ಕದ್ದ ಬಟ್ಟೆ ಅಂದ್ರೆ ಹೊಲಿಯೋದೇನಿತ್ತು?"

"ಆ ಹುಡುಗಿ ಕಡ್ಡಿ ಹಾಗಿದ್ದಾಳಲ್ಲ, ಅಳತೆ ಕಿರಿದು ಮಾಡಿರ್ತಾಳೆ," ಎಂದಳು. ಅನುಮಾನಕ್ಕೆ ಉತ್ತರ ಹೊಂದಿಸುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರಿಲ್ಲ.

ಇದಾಗಿ ಹತ್ತು ದಿನಕ್ಕೆ ಕಾಲೇಜಿನ ನಾಟಕದ ಮೇಡಂ ಒಬ್ಬರು ನ್ಯಾಯಾಧೀಶರ ಕೋಟು ವಾಪಸ್ ತಂದರು. ಅತ್ತೆ ಮೂಸಿದಳು, ಕಾಲರ್ ತಿರುವಿದಳು, ಅಂಚು ಮಗುಚಿದಳು. ಆಕೆ ಕುತೂಹಲದಿಂದ, "ಇದೇನು ಕೆಂಪು ದಾರ?" ಎಂದು ಕೇಳಿದರು. ಅತ್ತೆಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇಲ್ಲ. ಈ ಕಥೆಯನ್ನು ಅವಳು ನೂರು ಸಲ ಹೇಳಿದ್ದಾಳೆ.

"ಗುರುತು ಇದು. ಯಾರೋ ನಮ್ಮ ಜರತಾರಿ ಕೋಟು ಇಟ್ಕೊಂಡು ಅದೇ ಥರದ ಹಳೇದೊಂದು ತಂದುಕೊಟ್ಟಿದ್ರು. ಹೆಂಗಸು ಒಬ್ಬಳೇ ಇದ್ದಾಳೆ, ಏನು ಗೊತ್ತಾಗುತ್ತೆ ಅಂತ. ನಮ್ಮನೆಯವರು ಹೋದ ಮಾರನೇ ವರ್ಷ ಅದು. ಅವತ್ತಿಂದ ಈ ಕೆಂಪು ದಾರ ಶುರು ಮಾಡಿದ್ದು. ಅದಕ್ಕೆ ಮುಂಚೆ ಯಾವ ಬಟ್ಟೆಗೂ..."

ಮಾತು ನಿಂತಿತು. ಕೋಟಿನ ಅಂಚು ಅವಳ ಕೈಯಲ್ಲೇ ಇತ್ತು. ಮೇಡಂ ನನ್ನ ಮುಖ ನೋಡಿದರು. ನನಗೂ ಆಗಲೇ ಹೊಳೆದದ್ದು. ಮಾವ ಹೋದ ವಾರವೇ ನಿಲುವಂಗಿ ಪೆಟ್ಟಿಗೆ ಸೇರಿತ್ತು. ಕೆಂಪು ದಾರ ಹುಟ್ಟಿದ್ದು ಮಾರನೆಯ ವರ್ಷ. ಯಾವ ಗುರುತನ್ನು ಹಿಡಿದು ಅತ್ತೆ ಗೆಳತಿಯನ್ನು ಕಳ್ಳಿ ಎಂದಳೋ, ಆ ಗುರುತು ಮಾವನ ನಿಲುವಂಗಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಮೇಡಮ್ಮನ್ನು ಕಳಿಸಿ ಅತ್ತೆ ಸೀದಾ ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಕೂತಳು. ಕೀಲಿ ತಿರುಗಲಿಲ್ಲ. ಬೀಗಕ್ಕೆ ತುಕ್ಕು ಕಚ್ಚಿತ್ತು. ವರ್ಷಗಟ್ಟಲೆ ಯಾರೂ ಮುಟ್ಟದ ಬೀಗ ಎಂದು ಯಾರು ನೋಡಿದರೂ ಹೇಳಬಹುದಿತ್ತು, ನೋಡಬೇಕಿತ್ತು ಅಷ್ಟೇ. ಯಂತ್ರದ ಎಣ್ಣೆ ಬಿಟ್ಟು, ಇಬ್ಬರೂ ಸೇರಿ ಎಳೆದಾಡಿ ತೆಗೆದೆವು.

ನಿಲುವಂಗಿ ಇತ್ತು. ಅತ್ತೆ ಮಡಚಿಟ್ಟ ಹಾಗೆಯೇ ಇತ್ತು. ಕಪ್ಪು ಕಂದಿ ಕಂದುಬಣ್ಣಕ್ಕೆ ತಿರುಗಿತ್ತು, ಕಾಲರನ್ನು ಹುಳು ತಿಂದು ಜರಡಿ ಮಾಡಿತ್ತು. ಎಡಭುಜದ ಹತ್ತಿ ಹೊರಗೆ ಇಣುಕುತ್ತಿತ್ತು. ಅತ್ತೆ ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕೆಂಪು ದಾರ ಇರಲಿಲ್ಲ. ಮುಖವನ್ನು ಆ ಬಟ್ಟೆಯಲ್ಲಿ ಹುದುಗಿಸಿ ಅತ್ತಳು. ಮಾವ ಹೋದಾಗಲೂ ಅವಳು ಹಾಗೆ ಅತ್ತದ್ದು ನನಗೆ ನೆನಪಿಲ್ಲ.

ಟೈಲರಕ್ಕನ ಮನೆ ಮೂರನೇ ಮಹಡಿಯಲ್ಲಿ. ಅತ್ತೆ ನನ್ನನ್ನೂ ಕರೆದುಕೊಂಡು, ಎಲ್ಲೂ ನಿಲ್ಲದೆ ಹತ್ತಿದಳು. ಬಾಗಿಲು ತೆರೆದ ಟೈಲರಕ್ಕ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಬನ್ನಿ" ಎಂದರು. ಕುರ್ಚಿ ಎಳೆದು ಹಾಕಿದರು. ಕಿಟಕಿಯ ಕೆಳಗೆ ಹಳೆಯ ಯಂತ್ರ ಇತ್ತು.

"ಪೆಟ್ಟಿಗೆ ತೆಗೆದೆ," ಅತ್ತೆ ಎಂದಳು.

"ಹೂಂ."

"ಇದೆ."

"ಇರುತ್ತೆ."

"ಯಾಕೇ ನನಗೆ ಹೇಳಲಿಲ್ಲ?"

ಟೈಲರಕ್ಕ ಯಂತ್ರದ ಚಕ್ರ ಸವರಿದರು. "ಹೇಳಿದ್ರೆ ಬೇಡ ಅಂತಿದ್ರಿ. ಆ ಹುಡುಗಿ ಬಾಗಿಲ ತನಕ ಹೋಗಿ ಮತ್ತೆ ಫೋಟೋ ತಿರುಗಿ ನೋಡಿದ್ಲು ಅಕ್ಕ. ನನ್ನ ಕೈ ಸುಮ್ನಿರಲಿಲ್ಲ. ಅವತ್ತೇ ಹೋಗಿ ಅವಳನ್ನ ಹಿಡಿದೆ, ಅಕ್ಕಂಗೆ ನಾನೇ ಹೇಳ್ತೀನಿ, ನೀನು ಬಾಯಿಬಿಡ್ಬೇಡ ಅಂದೆ. ಎರಡು ಕಣ್ಣಿಗೂ ಪೊರೆ ಬಂದಿದೆ. ಪೂರ್ತಿ ಕಣ್ಣು ಹೋಗೋ ಮುಂಚೆ ಆ ನಿಲುವಂಗಿ ಇನ್ನೊಂದ್ಸಲ ರಂಗದ ಮೇಲೆ ಹಾರೋದು ನೋಡ್ಬೇಕು ಅಂತಿತ್ತು. ಅಳತೆ ಎಲ್ಲ ಬೆರಳಿಗೇ ನೆನಪಿತ್ತು, ಈ ಯಂತ್ರದಲ್ಲೇ ಅಂಥದ್ದೇ ಇನ್ನೊಂದು ಹೊಲಿದೆ. ಆ ಸದ್ದನ್ನ ಹುಡುಗ್ರು ಹಾಡಿಗೆ ಹಿಡ್ಕೊಂಡ್ರು."

"ಮತ್ತೆ ಕೆಂಪು ದಾರ?"

"ನಿಮಗೋಸ್ಕರವೇ ಹಾಕಿದ್ದು. ಅವರದಕ್ಕೆ ಗುರುತಿಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗಾಜು ಹಿಡಿದು ನೋಡ್ತೀರಿ, ಅವರದಲ್ಲ, ನಾನು ಹೊಲಿದದ್ದು ಅಂತ ಹಿಡೀತೀರಿ, ಬೈತೀರಿ, ಆಮೇಲೆ ನಗ್ತೀರಿ ಅಂದ್ಕೊಂಡಿದ್ದೆ."

ಅತ್ತೆ ತಲೆ ತಗ್ಗಿಸಿದಳು. "ತಪ್ಪಾಯ್ತು ಕಣೇ," ಎಂದಳು. ಆ ಎರಡು ಪದಗಳನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಟೈಲರಕ್ಕ ನಮ್ಮನ್ನು ಬಾಗಿಲ ತನಕ ಬಂದು ಕಳಿಸಿಕೊಟ್ಟರು. ನಾಲ್ಕು ದಿನ ಬಿಟ್ಟು ಬೆಳಗ್ಗೆ ಒಂಬತ್ತಕ್ಕೆ ಅಂಗಡಿಗೆ ಬಂದರು. ಒಳಗೆ ಹೋಗಿ, ಅಂಗುಸ್ತಾನ ಹುಡುಕಿ ಬೆರಳಿಗೆ ಹಾಕಿಕೊಂಡು, ಹರಿದ ಬಟ್ಟೆಗಳ ರಾಶಿಗೆ ಕೈ ಹಾಕಿದರು. ಅತ್ತೆಗೆ ಸಂತೋಷ ತಡೆಯಲಾಗಲಿಲ್ಲ. ಇಡೀ ದಿನ ಬೀದಿಯ ಒಬ್ಬೊಬ್ಬರನ್ನೂ ಎತ್ತಿಕೊಂಡು ಶಂಕಿಸಿದಳು. ಒಳಗಿನಿಂದ "ಹೂಂ ಅಕ್ಕ" ಬರುತ್ತಿತ್ತು.

ಸಂಜೆ ಆರಕ್ಕೆ ಟೈಲರಕ್ಕ ಯಂತ್ರಕ್ಕೆ ಬಟ್ಟೆ ಮುಚ್ಚಿ ಮುಂದಿನ ಕೋಣೆಗೆ ಬಂದರು. ಚೀಲವನ್ನು ಕೌಂಟರಿನ ಮೇಲೆ ಸುರಿದರು.

"ಏನೇ ಇದು? ಬೇಡ ಕಣೇ, ಬೇಡ," ಅತ್ತೆ ಎದ್ದೇ ನಿಂತಳು.

"ನೋಡ್ಕೊಂಬಿಡಿ ಅಕ್ಕ." ದನಿಯಲ್ಲಿ ಸಿಟ್ಟಿರಲಿಲ್ಲ. "ಆಮೇಲೆ ಇಬ್ಬರಿಗೂ ನೆಮ್ಮದಿ."

ಮರುದಿನವೂ ಸುರಿದರು, ಅದರ ಮರುದಿನವೂ. ಎಂಟು ತಿಂಗಳಾಯಿತು. ಈ ನಡುವೆ ಅವರ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಕನ್ನಡಕ ನಾನೇ ಅಳತೆ ನೋಡಿ ಮಾಡಿಸಿಕೊಟ್ಟೆ. 'ಇದ್ದಿಲು' ಊರಿಗೆ ಮರಳಿದ ದಿನ ಇಬ್ಬರೂ ಮೊದಲ ಸಾಲಿನಲ್ಲಿ ಕೂತು ಬಂದರು. ಅತ್ತೆ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಟೈಲರಕ್ಕ ಕಣ್ಣು ಮಿಟುಕಿಸದೆ ನೋಡಿದರು. ಆ ತಟ್ಟೆಯ ಹೊದಿಕೆ ಈಗ ಮಾವನ ಫೋಟೋದ ಪಕ್ಕದಲ್ಲಿದೆ. ಆದರೂ ಸಂಜೆ ಆರಕ್ಕೆ ಚೀಲ ಕೌಂಟರಿನ ಮೇಲೆ ಸುರಿಯುವುದು ತಪ್ಪಿಲ್ಲ.

ಅತ್ತೆ ಈಗ ಬೇಡ ಎನ್ನುವುದಿಲ್ಲ. ಡಬ್ಬಿ, ಕರ್ಚೀಫು, ಬಿಸ್ಕತ್ತು, ಕೀಲಿ ಒಂದೊಂದನ್ನೇ ಎತ್ತಿ ವಾಪಸ್ ಚೀಲಕ್ಕೆ ಹಾಕುತ್ತಾಳೆ. ಕನ್ನಡಕದ ಪೆಟ್ಟಿಗೆಯನ್ನು ಕೊನೆಯಲ್ಲಿ ಇಡುತ್ತಾಳೆ. ಚೀಲವನ್ನು ತಾನೇ ಗೆಳತಿಯ ಹೆಗಲಿಗೆ ಹಾಕಿ, "ನಾಳೆ ಬರ್ತೀಯಲ್ಲ?" ಎಂದು ಕೇಳುತ್ತಾಳೆ.

"ನೋಡೋಣ ಅಕ್ಕ," ಎನ್ನುತ್ತಾರೆ ಟೈಲರಕ್ಕ.

ಅವರು ಬರುವುದು ಬೆಳಗ್ಗೆ ಒಂಬತ್ತಕ್ಕೆ. ನಾನು ಕೆಲಸಕ್ಕೆ ಇಳಿದು ಬರುವಾಗ ಇನ್ನೂ ಎಂಟೂವರೆ ಆಗಿರುತ್ತದೆ. ಅತ್ತೆ ಆಗಲೇ ಅಂಗಡಿಯ ಬಾಗಿಲಿಗೆ ಬಂದು, ಬೀದಿಯ ಆ ತುದಿ ನೋಡುತ್ತಾ ನಿಂತಿರುತ್ತಾಳೆ.